ಜನವರಿ 27ರ ಪಾಠಕ್ಕೆ ಆರು ಚೀಟಿ

1945ರ ಜನವರಿ 27ರಂದು ಸೋವಿಯತ್ ಸೇನೆ ಆಶ್ವಿತ್ಸ್ ತಲುಪಿತು, ಹಿಟ್ಲರನ ನಾಜಿಗಳು ಪೋಲೆಂಡಿನಲ್ಲಿ ಯಹೂದಿಗಳನ್ನು ಕೊಲ್ಲುತ್ತಿದ್ದ ಶಿಬಿರ ಅದು. 2005ರಲ್ಲಿ ವಿಶ್ವಸಂಸ್ಥೆ ಅದೇ ದಿನವನ್ನು ಯಹೂದಿ ನರಮೇಧದ ಸ್ಮರಣೆಗೆ ಗೊತ್ತುಮಾಡಿತು. ವಿಜಯಪುರದ ನಮ್ಮ ಶಾಲೆಗಳಿಗೆ ಅದು ಗಣರಾಜ್ಯೋತ್ಸವದ ಮರುದಿನ. ಸಂವಿಧಾನದ ಮಾತು ಮಕ್ಕಳ ಕಿವಿಯಲ್ಲಿ ಇನ್ನೂ ಇರುತ್ತದೆ. ಒಂಬತ್ತನೇ ತರಗತಿಗೆ ಈ ಪಾಠ ಮಾಡಲು ಒಳ್ಳೆಯ ದಿನ.

ಹಿಟ್ಲರನಿಂದ ಶುರು ಮಾಡಬೇಡಿ. ಪಾಠ ಅವನ ಕಥೆಯಾಗಿಬಿಡುತ್ತದೆ, ಹಿಂದಿನ ಬೆಂಚಿನಿಂದ ‘ಗಟ್ಟಿ ನಾಯಕ’ ಎಂಬ ಮಾತು ಬರುತ್ತದೆ. ಕಾನೂನಿನಿಂದ ಶುರು ಮಾಡಿ. ಆರು ಚೀಟಿ ಸಾಕು: ಯಹೂದಿಗಳ ಅಂಗಡಿಗಳ ಬಹಿಷ್ಕಾರ ಮತ್ತು ಸರಕಾರಿ ನೌಕರಿಯಿಂದ ವಜಾ (ಏಪ್ರಿಲ್ 1933), ಪೌರತ್ವ ಕಸಿದ ನ್ಯೂರೆಂಬರ್ಗ್ ಕಾನೂನು (ಸೆಪ್ಟೆಂಬರ್ 1935), ಪಾಸ್‌ಪೋರ್ಟಿನ ಮೇಲೆ ‘ಜೆ’ (‘ಯೂಡೆ’, ಅಂದರೆ ಯಹೂದಿ) ಮುದ್ರೆ (ಅಕ್ಟೋಬರ್ 1938), ಯಹೂದಿಗಳ ಪ್ರಾರ್ಥನಾ ಮಂದಿರಗಳಾದ ಸಿನಗಾಗ್‌ಗಳಿಗೆ ಬೆಂಕಿ ಮತ್ತು ಶಾಲೆಯಿಂದ ಅವರ ಮಕ್ಕಳ ಉಚ್ಚಾಟನೆ (ನವೆಂಬರ್ 1938), ಯಹೂದಿ ಎಂದು ಗುರುತಿಸಲು ಎದೆಯ ಮೇಲೆ ಹಳದಿ ನಕ್ಷತ್ರ (ಸೆಪ್ಟೆಂಬರ್ 1941), ಯಹೂದಿಗಳನ್ನು ತುಂಬಿಕೊಂಡು ಪೂರ್ವಕ್ಕೆ ಹೊರಟ ರೈಲು (ಅಕ್ಟೋಬರ್ 1941). ಇಸವಿಯನ್ನು ಚೀಟಿಯ ಹಿಂಬದಿಗೆ ಬರೆದು, ಕ್ರಮವಾಗಿ ಜೋಡಿಸಲು ಮಕ್ಕಳಿಗೇ ಬಿಡಿ. ಮೊದಲ ಚೀಟಿಯಿಂದ ರೈಲಿನವರೆಗೆ ಎಂಟೂವರೆ ವರ್ಷ. ಆ ಎಂಟೂವರೆ ವರ್ಷವೇ ಪಾಠ.

ಎರಡನೇ ಚೀಟಿಯ ಹತ್ತಿರ ಹೆಚ್ಚು ಹೊತ್ತು ನಿಲ್ಲಿ. ಯಾರು ಯಹೂದಿ ಎಂದು ತೀರ್ಮಾನವಾದದ್ದು ಹೇಗೆ? ತಾಯಿ ಕಡೆಯ, ತಂದೆ ಕಡೆಯ ನಾಲ್ವರು ಅಜ್ಜ-ಅಜ್ಜಿಯರಲ್ಲಿ ಮೂವರು ಯಹೂದಿಗಳಾಗಿದ್ದರೆ ಮೊಮ್ಮಗನೂ ಯಹೂದಿ, ತಾನು ಚರ್ಚಿಗೆ ಹೋಗುವವನಾಗಿದ್ದರೂ. ಅದಕ್ಕೆ ಚರ್ಚಿನ, ಊರಿನ ಹಳೆಯ ದಾಖಲೆ ಪುಸ್ತಕಗಳನ್ನು ತಿರುವಿಹಾಕಬೇಕು. ತಿರುವಿದವರು ಸಾಮಾನ್ಯ ಗುಮಾಸ್ತರು.

ಸ್ವಸ್ತಿಕದ ಪ್ರಶ್ನೆ ಬಂದೇ ಬರುತ್ತದೆ. ದೀಪಾವಳಿಯಲ್ಲಿ ಕಿರ್ದಿ ಪುಸ್ತಕದ ಮೇಲೆ ಕುಂಕುಮದಲ್ಲಿ ಬರೆಯುವ ಗುರುತು ಬಹಳ ಹಳೆಯದು. ನಾಜಿಗಳು ತಮ್ಮದನ್ನು ‘ಹಾಕೆನ್‌ಕ್ರಾಯ್ಟ್ಸ್’ ಎಂದರು, ಅಂದರೆ ಕೊಕ್ಕೆಯ ಶಿಲುಬೆ. ಇದನ್ನು ಮೊದಲೇ ಬಿಡಿಸಿ ಹೇಳದಿದ್ದರೆ ಮಗುವಿನ ಮನಸ್ಸು ಅಲ್ಲೇ ಸಿಕ್ಕಿಕೊಳ್ಳುತ್ತದೆ.

ಸತ್ತ ಯಹೂದಿಗಳು ಸುಮಾರು 60 ಲಕ್ಷ. 2011ರ ಜನಗಣತಿಯ ಇಡೀ ಬೆಳಗಾವಿ ಜಿಲ್ಲೆ, ಮೇಲೆ ಬಾಗಲಕೋಟೆಯ ಅರ್ಧಕ್ಕಿಂತ ಹೆಚ್ಚು. ಎಲ್ಲರೂ ವಿಷಾನಿಲಕ್ಕೆ ಬಲಿಯಾದವರಲ್ಲ: ಕೀವ್ ಬಳಿಯ ಬಾಬಿ ಯಾರ್ ಕೊರಕಲಿನಲ್ಲಿ 1941ರ ಸೆಪ್ಟೆಂಬರ್ 29, 30ರಂದು 33,771 ಜನರನ್ನು ಗುಂಡಿಟ್ಟು ಕೊಂದರು. ಹೆಣಗಳ ಫೋಟೊ ತೋರಿಸಬೇಡಿ. ಮಕ್ಕಳು ಕಣ್ಣು ಮುಚ್ಚಿಕೊಳ್ಳುತ್ತಾರೆ, ಇಲ್ಲವೇ ಬೆದರಿ ನಗುತ್ತಾರೆ. ನಕ್ಷತ್ರ ಅಂಟಿಸಿ ನಾಟಕ ಆಡಿಸುವುದಂತೂ ಬೇಡವೇ ಬೇಡ.

‘ಓಡಿ ಹೋಗಬಾರದಿತ್ತೇ?’ ಎಂದು ಯಾರಾದರೂ ಕೇಳುತ್ತಾರೆ. ಸೇಂಟ್ ಲೂಯಿಸ್ ಹಡಗಿನ ಲೆಕ್ಕ ಕೊಡಿ. 1939ರ ಮೇ ತಿಂಗಳಲ್ಲಿ ಹ್ಯಾಂಬರ್ಗ್ ಬಿಟ್ಟಾಗ 937 ಪ್ರಯಾಣಿಕರು, ಹೆಚ್ಚಿನವರು ಯಹೂದಿಗಳು. ಕ್ಯೂಬಾ 28 ಜನರನ್ನಷ್ಟೇ ಇಳಿಸಿಕೊಂಡಿತು. ಅಮೆರಿಕ, ಕೆನಡಾ ಬಾಗಿಲು ತೆರೆಯಲಿಲ್ಲ. ಯೂರೋಪಿಗೆ ಮರಳಿದವರಲ್ಲಿ 254 ಜನ ಮುಂದೆ ನರಮೇಧದಲ್ಲಿ ಸತ್ತರು.