ಹೋತು, ಬಂತು

ಪುಣೆಯ ಕೋಥ್ರೂಡಿನ ನಮ್ಮ ಸೊಸೈಟಿಯ ವಾಚ್‌ಮನ್ ಇಂಡಿ ತಾಲೂಕಿನ ಹುಡುಗ. ನಾನು ಧಾರವಾಡದವಳು ಅಂತ ಗೊತ್ತಾದ ದಿನದಿಂದ ನನ್ನ ಹತ್ತಿರ ಅವನ ಮರಾಠಿ ಬಂದ್. ಜನವರಿಯ ಒಂದು ರಾತ್ರಿ ಎರಡೂವರೆಗೆ ಎಂಟಿಂಚಿನ ಟೆಲಿಸ್ಕೋಪಿನ ಕೊಳವೆ ಅಪ್ಪಿಕೊಂಡು ಲಿಫ್ಟಿಗೆ ಕಾಯುತ್ತಿದ್ದೆ.

"ಇವತ್ತ ಏನ್ ನೋಡಾಕ ಹೊಂಟೀರಿ ಅಕ್ಕಾರ?"

"ಒಂದು ಚಿಕ್ಕಿ ನಾಕು ಸೆಕೆಂಡ್ ಮಾಯ ಆಗ್ತದ ತಮ್ಮಾ."

ಅವನೂ ಮೇಲೆ ಬಂದ. ಬಂದವನೇ ಟೆರೇಸಿನ ಹ್ಯಾಲೊಜೆನ್ ಆರಿಸಿದ. ಅದರ ಸ್ವಿಚ್ ಎಲ್ಲಿದೆ ಅಂತ ಎರಡು ವರ್ಷದಿಂದ ಹುಡುಕುತ್ತಿದ್ದೆ ನಾನು!

ಮಾಯ ಆಗುವ ಚಿಕ್ಕಿ ಸಿಂಹ ರಾಶಿಯಲ್ಲಿತ್ತು. ಅದನ್ನು ಮರೆ ಮಾಡಬೇಕಿದ್ದದ್ದು ಸುಮಾರು 80 ಕಿಲೋಮೀಟರ್ ಅಗಲದ ಒಂದು ಕ್ಷುದ್ರಗ್ರಹ. ಆ ಕಲ್ಲು ನನ್ನ ಟೆಲಿಸ್ಕೋಪಿಗೆ ಕಾಣುವುದೇ ಇಲ್ಲ. ಆದರೆ ನಕ್ಷತ್ರ ಎಷ್ಟು ದೂರ ಅಂದರೆ, ಅದರ ಬೆಳಕಿನಲ್ಲಿ ಕಲ್ಲಿನ ನೆರಳು ಕಲ್ಲಿನಷ್ಟೇ ಅಗಲವಾಗಿ ಭೂಮಿ ಮೇಲೆ ಬೀಳುತ್ತದೆ. ಆ ನೆರಳು ಸೆಕೆಂಡಿಗೆ 20 ಕಿಲೋಮೀಟರಿನಂತೆ ಪುಣೆ ಮೇಲೆ ಓಡಿ ಹೋಗಬೇಕಿತ್ತು. ಸರೀ ನಡುವೆ ಸಿಕ್ಕರೆ ನಾಲ್ಕು ಸೆಕೆಂಡ್ ಕತ್ತಲೆ. ಅಂಚಿನಲ್ಲಿದ್ದರೆ ಕಡಿಮೆ. ನೆರಳಿನ ಆಚೆಗಿದ್ದರೆ ಏನೂ ಇಲ್ಲ. ಆ 'ಏನೂ ಇಲ್ಲ'ವನ್ನೂ ಎಲ್ಲರ ಲೆಕ್ಕ ಕೂಡಿಸುವ ಖಗೋಳಜ್ಞರಿಗೆ ಬರೆದು ಕಳಿಸಬೇಕು, ಕಲ್ಲು ಎಲ್ಲಿಗೆ ಮುಗಿಯಿತು ಅಂತ ಅದರಿಂದಲೇ ಗೊತ್ತಾಗೋದು.

ದೂರದವುಗಳ ವಿಷಯದಲ್ಲಂತೂ ಬೇರೆ ದಾರಿ ಕಡಿಮೆ. 1977ರ ಮಾರ್ಚ್ 10ರಂದು ಯುರೇನಸ್ ಒಂದು ನಕ್ಷತ್ರದ ಮುಂದೆ ಬರುವುದಕ್ಕೆ ಮೊದಲೇ ಆ ನಕ್ಷತ್ರ ಮಿಣುಕಿತು. ಯುರೇನಸ್‌ಗೆ ಉಂಗುರಗಳಿವೆ ಅಂತ ಗೊತ್ತಾದದ್ದು ಹಾಗೆ. ತಮಿಳುನಾಡಿನಲ್ಲಿರುವ ನಮ್ಮ ಕಾವಲೂರು ವೀಕ್ಷಣಾಲಯದ ದೂರದರ್ಶಕವೂ ಅವತ್ತು ಆ ಮಿಣುಕನ್ನು ಹಿಡಿದಿತ್ತು. ಅಲ್ಲಿಯವರು ಅದನ್ನು ಮೊದಲು ಹೊಸ ಉಪಗ್ರಹ ಅಂದುಕೊಂಡಿದ್ದರು.

ನನಗೆ ಇನ್ನೂ ಇಷ್ಟವಾದದ್ದು ನೆಪ್ಚೂನ್ ಆಚೆಗಿರುವ ಅರೋಕಾತ್ ಅನ್ನುವ ಸಣ್ಣ ಕಾಯದ ಕಥೆ. ಸುಮಾರು 650 ಕೋಟಿ ಕಿಲೋಮೀಟರ್ ದೂರ, ಉದ್ದ ಬರೀ 36 ಕಿಲೋಮೀಟರ್. 2017ರ ಜುಲೈನಲ್ಲಿ ಅದರ ನೆರಳು ಹಿಡಿಯಲು ಅರ್ಜೆಂಟೀನಾದ ಪ್ಯಾಟಗೋನಿಯಾದಲ್ಲಿ 24 ಟೆಲಿಸ್ಕೋಪ್ ಸಾಲಾಗಿ ನಿಲ್ಲಿಸಿದರು. ಚಳಿಗಾಳಿಗೆ ಟೆಲಿಸ್ಕೋಪ್ ಅಲುಗಬಾರದು ಅಂತ ಊರಿನವರು ಲಾರಿಗಳನ್ನು ಅಡ್ಡ ನಿಲ್ಲಿಸಿದರಂತೆ. ನೆರಳು ಸಿಕ್ಕಿದ್ದು ಐದಕ್ಕೆ ಮಾತ್ರ. ಆ ಐದರಿಂದಲೇ ಅದು ಎರಡು ಉಂಡೆ ಅಂಟಿಸಿದ ಹಾಗಿರಬಹುದು ಅಂತ ಊಹಿಸಿದರು. 2019ರ ಜನವರಿ 1ರಂದು ನಾಸಾದ ನ್ಯೂ ಹೊರೈಜನ್ಸ್ ನೌಕೆ ಪಕ್ಕದಲ್ಲೇ ಹಾದು ಹೋದಾಗ ನೋಡಿದರೆ ಹಾಗೇ ಇತ್ತು.

ಲಾರಿ ನಿಲ್ಲಿಸಿದವರಿಗೂ ನಮ್ಮ ಹುಡುಗನಿಗೂ ಒಂದೇ ವ್ಯತ್ಯಾಸ. ಅವರು ಸುಮ್ಮನಿದ್ದರು.

ನನ್ನದು ಹಳೇ ಪದ್ಧತಿ. ಪಕ್ಕದಲ್ಲಿ ಸೆಕೆಂಡಿಗೊಮ್ಮೆ ಟಿಕ್ ಅನ್ನುವ ಜಿಪಿಎಸ್ ಗಡಿಯಾರ, ಮೊಬೈಲಿನಲ್ಲಿ ರೆಕಾರ್ಡಿಂಗ್. ಕಣ್ಣು ಐಪೀಸಿನಲ್ಲಿ. ಚಿಕ್ಕಿ ಆರಿದರೆ 'ಹೋತು', ಮರಳಿ ಕಂಡರೆ 'ಬಂತು'. ಕಂಡದ್ದು ಬಾಯಿಗೆ ಬರುವಷ್ಟರಲ್ಲಿ ಆಗುವ ತಡವನ್ನು ಆಮೇಲೆ ಕಳೆಯುವುದು.

3 ಗಂಟೆ 12 ನಿಮಿಷ. ಚಿಕ್ಕಿ ಮಂಕಾಗಲೂ ಇಲ್ಲ, ಸ್ವಿಚ್ ಒತ್ತಿದ ಹಾಗೆ ಆರಿತು.

"ಹೋತು!" ಅಂತ ಕಿರುಚಿದೆ.

"ಏನ್ ಹೋತ್ರೀ ಅಕ್ಕಾರ? ಮೊಬೈಲ್ ಬಿತ್ತೇನ್ರೀ?" ಹುಡುಗ ಗಾಬರಿಯಾಗಿ ಟಾರ್ಚ್ ಹಾಕಿದ.

ಚಿಕ್ಕಿ ವಾಪಸ್ ಬಂದದ್ದನ್ನು ನೋಡಿದೆ. 'ಬಂತು' ಅಂತಲೂ ಅಂದೆ. ಆದರೆ ರೆಕಾರ್ಡಿಂಗಿನಲ್ಲಿ ಅದು ಅವನ 'ಬಿತ್ತೇನ್ರೀ' ಕೆಳಗೆ ಹುದುಗಿ ಹೋಗಿದೆ. ಇಯರ್‌ಫೋನ್ ಹಾಕಿಕೊಂಡು ಹದಿನೈದು ಸಲ ಕೇಳಿದೆ. 'ಬಂ' ಎಲ್ಲಿ, 'ಬಿ' ಎಲ್ಲಿ ಅಂತ ಬಿಡಿಸಲು ಆಗಲಿಲ್ಲ. ಕೊನೆಗೆ ಮೂರು ಸೆಕೆಂಡ್, ಅರ್ಧ ಸೆಕೆಂಡ್ ಹೆಚ್ಚು ಕಡಿಮೆ ಅಂತ ಬರೆದು ಕಳಿಸಿದೆ. ಅಂದರೆ ನಾನಿದ್ದ ಗೆರೆಯಲ್ಲಿ ಆ ಕಲ್ಲು 60 ಕಿಲೋಮೀಟರ್ ಅಗಲ. ಅರ್ಧ ಸೆಕೆಂಡ್ ಅಂದರೆ 10 ಕಿಲೋಮೀಟರ್, ಅಲ್ವಾ? ಕೋಥ್ರೂಡಿನಿಂದ ಹಡಪಸರ ಹತ್ತಿರ ಬಂತು ಅನ್ನುವಷ್ಟು ಕಲ್ಲು, ಒಂದು ಮೊಬೈಲ್ ಬಿದ್ದಿರಬಹುದು ಅನ್ನುವ ಕಾಳಜಿಯಲ್ಲಿ ಹೋಯಿತು.

ಬೆಳಿಗ್ಗೆ ಗೇಟಿನಲ್ಲಿ ಅವನಿಗೆ ಎಲ್ಲ ಹೇಳಿದೆ. ಪಾಪ, ಮುಖ ಸಣ್ಣದು ಮಾಡಿಕೊಂಡ. ಮಾರ್ಚಿನಲ್ಲಿ ಇನ್ನೊಂದಿದೆ, ಆವಾಗ ಬಾಯಿಗೆ ಎಲಿ ಅಡಿಕಿ ಹಾಕ್ಕೊಂಡು ಕೂಡು ಅಂದೆ.

"ಮಾರ್ಚಿನ್ಯಾಗ ಊರ ಜಾತ್ರಿ ಐತ್ರೀ, ನಾ ಇರೂದಿಲ್ಲ. ಹ್ಯಾಲೊಜೆನ್ ಸ್ವಿಚ್ ಎಲ್ಲೈತಿ ತೋರಸ್ತೀನಿ, ಬರ್ರಿ."