ಮೇಡಂ, ಆ ನೀಲಿ ಬುಕ್ ಇದೆಯಾ?

ರಾತ್ರಿ ಹತ್ತೂಮುಕ್ಕಾಲಿಗೆ ಬಂದ ಮೆಸೇಜು ಇದು. ಹೆಸರಿಲ್ಲ, ಕ್ಲಾಸಿಲ್ಲ. ಡಿಪಿಯಲ್ಲಿ ಒಂದು ದಾಸವಾಳ.

ನಾನು ಶಿರಸಿ ಕಡೆಯ ಒಂದು ಡಿಗ್ರಿ ಕಾಲೇಜಿನಲ್ಲಿ ಲೈಬ್ರೇರಿಯನ್. ಕೌಂಟರಿನಲ್ಲಿ ಇಂಥ ಪ್ರಶ್ನೆ ದಿನಾ ಬರುತ್ತದೆ. ಎದುರಿಗಿದ್ದರೆ ನಾಲ್ಕು ಮಾತು ಕೇಳಿ, ಮುಖ ನೋಡಿ ಅಂದಾಜು ಮಾಡಬಹುದು. ಫೋನಿನಲ್ಲಿ ಮುಖ ಎಲ್ಲಿಂದ ತರೋದು?

"ಯಾವ ಸಬ್ಜೆಕ್ಟಮ್ಮ?" ಅಂತ ಬರೆದೆ. ನೀಲಿ ಟಿಕ್ ಬಂತು, ಉತ್ತರ ಬರಲಿಲ್ಲ. "ಎಕನಾಮಿಕ್ಸಾ?"

"ಅಲ್ಲ ಮೇಡಂ. ಹೋದ ವರ್ಷ ನಮ್ಮಕ್ಕ ಓದಿದ್ದು. ಇತಿಹಾಸ ಅನ್ಸುತ್ತೆ."

ಇದೇ ಹುಡುಗಿ ಕೌಂಟರಿಗೆ ಬಂದು ಇಷ್ಟು ಕೇಳುತ್ತಿದ್ದಳಾ? ಖಂಡಿತ ಇಲ್ಲ. ಹಿಂದೆ ನಾಲ್ಕು ಜನ ಕ್ಯೂನಲ್ಲಿ ನಿಂತಿರುವಾಗ ಪುಸ್ತಕದ ಹೆಸರು ಗೊತ್ತಿಲ್ಲ ಅನ್ನೋಕೆ ನಾಚಿಕೆ. ಸುಮ್ನೆ ರ‍್ಯಾಕ್ ಸುತ್ತಿ ಬರಿಗೈಲಿ ಹೋಗುತ್ತಾರೆ. ನನಗೆ ಮೆಸೇಜು ಇಷ್ಟವಾಗುವುದು ಈ ಒಂದೇ ಕಾರಣಕ್ಕೆ.

ಮೊದಲು ಬರೀ ಎಸ್ಸೆಮ್ಮೆಸ್ ಇತ್ತು. ನನ್ನದೇ ಫೋನಿನಿಂದ ಡ್ಯೂ ಡೇಟ್ ನೆನಪಿಸುತ್ತಿದ್ದೆ. ಇಂಗ್ಲಿಷಿನಲ್ಲಾದರೆ ಒಂದು ಎಸ್ಸೆಮ್ಮೆಸ್ಸಿಗೆ 160 ಅಕ್ಷರ, ಕನ್ನಡದಲ್ಲಿ 70 ಮಾತ್ರ. ಅದರಲ್ಲೂ ಒತ್ತು, ಕೊಂಬು ಎಲ್ಲಾ ಬೇರೆ ಬೇರೆ ಲೆಕ್ಕ. 'ಪುಸ್ತಕ' ಅಂದರೆ ನಮಗೆ ಮೂರು ಅಕ್ಷರ, ಫೋನಿಗೆ ಆರು! ಹಾಗಾಗಿ ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಕುಟ್ಟುತ್ತಿದ್ದೆ. 2011ರ ಸೆಪ್ಟೆಂಬರಿನಲ್ಲಿ ಟೆಲಿಕಾಂ ನಿಯಂತ್ರಣ ಸಂಸ್ಥೆ ಟ್ರಾಯ್ ಒಂದು ಸಿಮ್ಮಿಗೆ ದಿನಕ್ಕೆ 100 ಎಸ್ಸೆಮ್ಮೆಸ್ ಅಂತ ಮಿತಿ ಹಾಕಿದಾಗ ಅರ್ಧ ಜನರಿಗೆ ಇವತ್ತು, ಉಳಿದರ್ಧಕ್ಕೆ ನಾಳೆ.

ಆಮೇಲೆ ವಾಟ್ಸಾಪ್ ಬಂತು, ನನ್ನ ಎಡವಟ್ಟುಗಳೂ ಬಂದವು. ಬ್ರಾಡ್‌ಕಾಸ್ಟ್ ಲಿಸ್ಟ್ ಮಾಡಿ ಒಂದು ಸೆಮಿಸ್ಟರ್ ಪೂರ್ತಿ ಮೆಸೇಜ್ ಹಾಕಿದೆ. ಫೈನ್ ಕಟ್ಟುವಾಗ ಮಕ್ಕಳೆಲ್ಲ "ನಮಗೆ ಬಂದೇ ಇಲ್ಲ" ಅಂದರು. ನೆಪ ಅಂದುಕೊಂಡು ಬೈದೆ. ನಿಜಕ್ಕೂ ಬಂದಿರಲಿಲ್ಲ. ನನ್ನ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ಬ್ರಾಡ್‌ಕಾಸ್ಟ್ ತಲುಪುತ್ತದೆ. ಲೈಬ್ರೇರಿಯನ್ ನಂಬರನ್ನು ಯಾರು ಸೇವ್ ಮಾಡಿಕೊಳ್ಳುತ್ತಾರೆ ಹೇಳಿ!

ಅದಾದರೂ ನಗುವ ಕಥೆ. ಇನ್ನೊಂದು ಹಾಗಲ್ಲ. ಕ್ಲಾಸ್ ಗ್ರೂಪಿನಲ್ಲಿ ಬಾಕಿ ಇದ್ದವರ ಹೆಸರು, ಪುಸ್ತಕದ ಹೆಸರು ಎರಡನ್ನೂ ಹಾಕಿಬಿಟ್ಟೆ. ಒಬ್ಬ ಹುಡುಗ ತಂದಿಟ್ಟುಕೊಂಡಿದ್ದು ಖಿನ್ನತೆಯ ಬಗೆಗಿನ ಪುಸ್ತಕ. ಗ್ರೂಪಿನಲ್ಲಿ ಯಾರೋ ನಗುವ ಇಮೋಜಿ ಹಾಕಿದರು, ಅದರ ಕೆಳಗೆ ಇನ್ನೂ ಆರೇಳು. ನಾನು ಡಿಲೀಟ್ ಮಾಡುವಷ್ಟರಲ್ಲಿ ಎಲ್ಲರೂ ನೋಡಿಯಾಗಿತ್ತು. ಪುಸ್ತಕ ಗೆಳೆಯನ ಕೈಲಿ ವಾಪಸ್ ಬಂತು, ಅವನು ಮತ್ತೆ ಲೈಬ್ರರಿಗೆ ಬರಲಿಲ್ಲ. ಯಾರು ಏನು ಓದುತ್ತಾರೆ ಅನ್ನೋದು ಗುಟ್ಟಾಗಿರಬೇಕು ಅಂತ ನಾನೇ ಪಾಠ ಹೇಳುವವಳು. ಈಗ ಯಾವ ಗ್ರೂಪಿನಲ್ಲೂ ಪುಸ್ತಕದ ಹೆಸರು ಹಾಕುವುದಿಲ್ಲ. ಒಬ್ಬೊಬ್ಬರಿಗೇ ಬರೆಯುತ್ತೇನೆ. ಜಾಸ್ತಿ ಹೊತ್ತು ಹಿಡಿಯುತ್ತದೆ, ಹಿಡಿಯಲಿ.

ವಾಟ್ಸಾಪಿನ ಬಿಸಿನೆಸ್ ಆ್ಯಪ್ ಹಾಕಿಕೊಂಡ ಮೇಲೆ ಸ್ವಲ್ಪ ಹಗುರ. ಸ್ಲ್ಯಾಶ್ ಒತ್ತಿದರೆ ಬರೆದಿಟ್ಟ ಉತ್ತರಗಳೇ ಬರುತ್ತವೆ: ಸಮಯ, ರಿನ್ಯೂವಲ್, ನೋ ಡ್ಯೂ. ಸಂಜೆ ಆರರ ನಂತರ "ನಾಳೆ ನೋಡುತ್ತೇನೆ" ಅಂತ ತಾನೇ ಹೋಗುತ್ತದೆ. ಓದುಗರ ಸಮಯ ಉಳಿಸಿ ಅಂತ ನಮ್ಮ ಗ್ರಂಥಾಲಯ ಶಾಸ್ತ್ರದ ಪಿತಾಮಹ ರಂಗನಾಥನ್ 1931ರಲ್ಲೇ ಸೂತ್ರ ಬರೆದರು. ಆ ಸೂತ್ರದಲ್ಲಿ ಲೈಬ್ರೇರಿಯನ್ ಹೆಸರಿಲ್ಲ, ಅದಕ್ಕೇ ಹತ್ತೂಮುಕ್ಕಾಲಿಗೂ ಫೋನ್ ನೋಡುತ್ತೇನೆ ಅನ್ಸುತ್ತೆ.

ದಾಸವಾಳದ ಹುಡುಗಿಗೆ ಮರುದಿನ ಬೆಳಿಗ್ಗೆ 954ರ ರ‍್ಯಾಕಿನ ಫೋಟೋ ತೆಗೆದು ಕಳಿಸಿದೆ, ಭಾರತದ ಇತಿಹಾಸ ಇರುವ ಜಾಗ. ಒಂದೇ ಟಿಕ್. ಅವಳೂರಿನಲ್ಲಿ ಸಿಗ್ನಲ್ ಬಂದರೆ ಬಂತು, ಇಲ್ಲದಿದ್ದರೆ ಬಸ್ಸು ಘಟ್ಟ ಹತ್ತಿದ ಮೇಲೇ ಮೆಸೇಜು ತಲುಪೋದು. ಒಂಬತ್ತೂವರೆಗೆ ಉತ್ತರ ಬಂತು. ಮೂರನೇ ಸಾಲಿನ ನೀಲಿ ಬೈಂಡಿನ ಸುತ್ತ ಕೆಂಪು ಗೆರೆ.

ಮಧ್ಯಾಹ್ನ ಒಬ್ಬಳು ಕೌಂಟರಿಗೆ ಬಂದು ಮಾತಾಡದೆ ಫೋನ್ ಎತ್ತಿ ತೋರಿಸಿದಳು. ನಾನೂ ಮಾತಾಡದೆ ಪುಸ್ತಕ ತೆಗೆದು, ಡೇಟ್ ಸೀಲ್ ಒತ್ತಿ ಕೊಟ್ಟೆ.

ರಾತ್ರಿ ಮತ್ತೆ ಮೆಸೇಜು. "ಸಾರಿ ಮೇಡಂ. ಅಕ್ಕ ಹೇಳಿದ್ಲು, ಅದು ಹಸಿರು ಬುಕ್ ಅಂತೆ."