ಬಲರಾಮ ಇದ್ದ ರೋಲು

ಬೀರು ಒರೆಸುವಾಗ ಒಂದು ಹಳೇ ನೆಗೆಟಿವ್ ಕವರ್ ಸಿಕ್ಕಿತು. ಮೇಲೆ ಪೆನ್ಸಿಲ್‌ನಲ್ಲಿ ‘ದಸರಾ, ಸಯ್ಯಾಜಿರಾವ್ ರಸ್ತೆ’ ಅಂತಷ್ಟೇ ಇದೆ.

ಟ್ಯೂಬ್‌ಲೈಟಿಗೆ ಹಿಡಿದು ನೋಡಿದೆ. ನೆಗೆಟಿವ್ ಅಲ್ವಾ, ದಂತ ಕಪ್ಪು, ಆನೆಯೇ ಬೆಳ್ಳಗೆ! ಆದರೂ ಗುರುತು ಸಿಕ್ಕಿತು, ಅಂಬಾರಿ ಹೊತ್ತ ಬಲರಾಮ. ಅಂದರೆ 1999ರಿಂದ 2011ರ ಒಳಗಿನ ಯಾವುದೋ ದಸರಾ. ಆಮೇಲೆ ಅಂಬಾರಿ ಇನ್ನೊಂದು ಆನೆ ಅರ್ಜುನನ ಬೆನ್ನಿಗೆ ಹೋಯಿತು. ಪಾಪ, 2023ರಲ್ಲಿ ಇಬ್ಬರೂ ಹೋದರು.

ಆಗ ಒಂದು ರೋಲಿಗೆ 36 ಫೋಟೊ. ಅಂಬಾರಿ ಬರುವ ಹೊತ್ತಿಗೆ ರೋಲು ಮುಗಿದರೆ ಕತೆ ಮುಗೀತು. ಹಾಗಾಗಿ ಜನರ ಕಡೆ ಕ್ಯಾಮೆರಾ ತಿರುಗಿಸಲು ಜಿಪುಣತನ. ಎಷ್ಟು ವರ್ಷ ದಸರಾ ತೆಗೆದರೂ ನನ್ನ ಹತ್ತಿರ ಜಾಸ್ತಿ ಇರೋದು ಅದೇ 750 ಕೆಜಿ ಅಂಬಾರಿ. ಅದು ಊರಿನ ಎಲ್ಲರ ಹತ್ತಿರವೂ ಇದೆ ಬಿಡಿ.

ಈ ರೋಲಿನಲ್ಲಿ ಮಾತ್ರ ಒಂದು ಫ್ರೇಮ್ ಬೇರೆ. ಫುಟ್‌ಪಾತಿನಲ್ಲಿ ಚಾಪೆ ಹಾಸಿ ಕೂತಿರೋ ಅಜ್ಜಿ. ಮಡಿಲಲ್ಲಿ ಸ್ಟೀಲ್ ಡಬ್ಬಿ, ಮುಚ್ಚಳದ ಮೇಲೆ ಚಿತ್ರಾನ್ನ. ಪಕ್ಕದ ಪೊಲೀಸಪ್ಪನಿಗೆ ಕೈ ಚಾಚಿ ಕೊಡ್ತಿದ್ದಾರೆ. ಅವರು ಬೇಡ ಅಂತ ತಲೆ ಆಡಿಸ್ತಾ ನಗ್ತಿದ್ದಾರೆ. ಬೆಳಿಗ್ಗೆಯಿಂದ ಜಾಗ ಹಿಡಿದು ಕೂತವರ ನಡುವೆ ಇಂಥವು ಎಷ್ಟು ನಡೆದವೋ.

ನನ್ನ ಕೆಲಸದಲ್ಲಿ ಒಳ್ಳೇದು ಯಾವುದು ಅಂತ ಯಾರಾದರೂ ಕೇಳಿದರೆ ಇನ್ಮೇಲೆ ಇದನ್ನೇ ತೋರಿಸ್ತೀನಿ.

ನಾಳೆ ಸ್ಕ್ಯಾನ್ ಮಾಡಿ ಇಲ್ಲೇ ಹಾಕ್ತೀನಿ. ಅಜ್ಜಿ ಮನೆಯವರು ಯಾರಾದರೂ ಇದ್ದರೆ ಹೇಳಿ, ದೊಡ್ಡ ಪ್ರಿಂಟ್ ನನ್ನ ಕಡೆಯಿಂದ. ಪೊಲೀಸಪ್ಪನಿಗೂ ಒಂದು.